ಯಂತ್ರದ ಸಾಕ್ಷ್ಯ, ಮನುಷ್ಯನ ಸಾಕ್ಷ್ಯ

ಬೇಸಿಗೆಯ ರಜೆಯಲ್ಲಿ ಮಕ್ಕಳ ಕೈಗೆ ಯಾವ ಪುಸ್ತಕ ಕೊಡಬೇಕೆಂದು ತಂದೆತಾಯಂದಿರು ಕೇಳುವುದುಂಟು. ನನ್ನ ಉತ್ತರ ಹಳೆಯದೇ: ವಿಕ್ಟರ್ ಹ್ಯೂಗೊ 1862ರಲ್ಲಿ ಪ್ರಕಟಿಸಿದ 'ಲೆ ಮಿಸರಾಬ್ಲ್'. ಮೊದಲು ಹಿರಿಯರು ಓದಲಿ ಎಂದು ಈಗೀಗ ಸೇರಿಸುತ್ತೇನೆ.

ಆ ಕಾದಂಬರಿ ಎಂದೊಡನೆ ನಮಗೆ ನೆನಪಾಗುವುದು ಧರ್ಮಾಧ್ಯಕ್ಷ ಮಿರಿಯೆಲ್ ಮತ್ತು ಆತನ ಬೆಳ್ಳಿಯ ದೀಪಸ್ತಂಭಗಳು. ಪ್ರಬೋಧನೆಗಳಲ್ಲಿ ಅದನ್ನು ಎಷ್ಟೋ ಬಾರಿ ಕೇಳಿದ್ದೇವೆ. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಅರಾಸ್ ಪಟ್ಟಣದ ನ್ಯಾಯಾಲಯದ ಪ್ರಸಂಗ. ಸೇಬಿನ ಕೊಂಬೆಯೊಂದಿಗೆ ಸಿಕ್ಕಿಬಿದ್ದ ಬಡ ಮುದುಕನೊಬ್ಬನನ್ನು, ಇವನೇ ಹಳೆಯ ಕೈದಿ ಜೀನ್ ವಾಲ್‌ಜೀನ್ ಎಂದು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಪೊಲೀಸ್ ಅಧಿಕಾರಿ ಜಾವೇರ್ ಗುರುತಿಸಿದ್ದಾನೆ. ಜೊತೆಗೆ ಸೆರೆಯಲ್ಲಿದ್ದ ಮೂವರು ಪ್ರಮಾಣ ಮಾಡಿದ್ದಾರೆ. ಗುರುತು ಎಲ್ಲ ಕಡೆಯಿಂದಲೂ ಹೊಂದಿಕೆಯಾಗಿದೆ, ಮತ್ತು ಅದು ಸಂಪೂರ್ಣ ತಪ್ಪು. ನಿಜವಾದ ವಾಲ್‌ಜೀನ್ ಬೇರೆ ಹೆಸರಿನಲ್ಲಿ ಒಂದು ಊರಿನ ಮೇಯರ್, ನೂರಾರು ಬಡವರ ಆಸರೆ. ಅವನು ಸುಮ್ಮನಿದ್ದರೆ ಸಾಕು. ಮೌನಕ್ಕೆ ಒಳ್ಳೆಯ ಕಾರಣವೂ ಇದೆ: ತಾನು ಸೆರೆಗೆ ಹೋದರೆ ಆ ಊರಿನ ಗತಿಯೇನು? ಇಡೀ ರಾತ್ರಿ ತೊಳಲಾಡಿ, ಮರುದಿನ ಅರಾಸ್‌ಗೆ ಹೋಗಿ, ತುಂಬಿದ ಸಭೆಯಲ್ಲಿ ಎದ್ದುನಿಂತು ತಾನೇ ಆ ಕೈದಿಯೆಂದು ಒಪ್ಪಿಕೊಳ್ಳುತ್ತಾನೆ. ಅದನ್ನು ರುಜುವಾತು ಮಾಡುವುದು ಯಾವ ಕಾಗದವೂ ಅಲ್ಲ. ಒಬ್ಬನ ಹೆಗಲಿನ ಸುಟ್ಟ ಕಲೆ, ಇನ್ನೊಬ್ಬನ ತೋಳಿನ ಹಚ್ಚೆ, ಜೊತೆಯಲ್ಲಿ ಬಾಳಿದವನಿಗಷ್ಟೇ ತಿಳಿದ ಸಂಗತಿಗಳು. ಅವನು ಹೋದ ಮೇಲೆ ಆ ಊರು ಹಾಳಾಯಿತೆಂಬುದನ್ನೂ ಹ್ಯೂಗೊ ಮುಚ್ಚಿಡುವುದಿಲ್ಲ.

ಬ್ರಿಟನ್ನಿನಲ್ಲಿ ಸರ್ಕಾರದ ಒಡೆತನದ ಅಂಚೆ ಸಂಸ್ಥೆ 1999ರಿಂದ 'ಹೊರೈಜನ್' ಎಂಬ ಕಂಪ್ಯೂಟರ್ ಲೆಕ್ಕವನ್ನು ಜಾರಿಗೆ ತಂದಿತು. ಹಣ ಕಡಿಮೆಯಿದೆಯೆಂದು ಯಂತ್ರ ಹೇಳಿತು. ಅದನ್ನು ನಂಬಿ ಒಂಬೈನೂರಕ್ಕೂ ಹೆಚ್ಚು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಕೆಲವರು ಸೆರೆಮನೆ ಕಂಡರು. ದೋಷ ತಂತ್ರಾಂಶದಲ್ಲಿದೆಯೆಂದು ಅರಿತವರು ಒಳಗೇ ಇದ್ದರು. ನ್ಯಾಯಾಲಯ ಆ ದೋಷವನ್ನು ಎತ್ತಿಹಿಡಿದದ್ದು 2019ರಲ್ಲಿ, ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸುವ ಕಾನೂನು ಬಂದದ್ದು 2024ರಲ್ಲಿ. ಅಲ್ಲಿನ ಕಚೇರಿಗಳ ಸ್ವಭಾವ ತಿಳಿಯಬೇಕಾದವರು ಡಿಕನ್ಸ್ 1857ರಲ್ಲಿ ಮುಗಿಸಿದ 'ಲಿಟಲ್ ಡಾರಿಟ್' ಓದಬಹುದು; ಅಲ್ಲಿ ಅಹವಾಲು ಹೊತ್ತು ಬಂದವನನ್ನೇ ತಪ್ಪಿತಸ್ಥನಂತೆ ಕಾಣುತ್ತಾರೆ. ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿ ಬೆರಳಚ್ಚಿನ ಯಂತ್ರವಿದೆ. ಸುಳ್ಳು ಚೀಟಿಗಳನ್ನು ತಡೆಯಲೆಂದು ಬಂದದ್ದು. ಆ ಉದ್ದೇಶವನ್ನು ನಾನು ಹಳಿಯುವುದಿಲ್ಲ. ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಆದರೆ ಸೂಚನೆ ತಾನಾಗಿಯೇ ಮಾತನಾಡುವುದಿಲ್ಲ. ಒಮ್ಮೆ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿಯ ಬೆರಳು, ಪಾತ್ರೆ ತಿಕ್ಕಿ ಸವೆದದ್ದು, ನಾಲ್ಕು ಸಲ ಒತ್ತಿದರೂ ಯಂತ್ರಕ್ಕೆ ಒಪ್ಪಿಗೆಯಾಗಲಿಲ್ಲ. ನಾಳೆ ಬನ್ನಿ ಎಂದರು. ಆಕೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಬಲ್ಲೆ. ಆಕೆ ಖಾಲಿ ಚೀಲ ಮಡಚಿಕೊಂಡು ಹೊರಟರು. ನನ್ನ ಸರದಿ ಬಂತು. ನಾನು ಹೆಬ್ಬೆರಳು ಮುಂದೆ ಚಾಚಿದೆ.