ಪಕ್ಕದ ಮನೆಯವರ ಮಾತ್ರೆ

ಸೊಲ್ಲಾಪುರದ ಎಷ್ಟೋ ಓಣಿಗಳಲ್ಲಿ ನಲ್ಲಿ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬಂದ ದಿನ ಕೊಡ, ಬಕೆಟ್ಟು, ಬ್ಯಾರೆಲ್ಲು, ಸಿಮೆಂಟಿನ ಹೌದ ಎಲ್ಲವನ್ನೂ ತುಂಬಿಡಬೇಕು. ಬೇಸಿಗೆಯಲ್ಲಿ ಅಕ್ಕಲಕೋಟದ ಅಂಗಳಗಳ ಪಾಡೂ ಬೇರೆಯಲ್ಲ. ಮುಚ್ಚಳವಿಲ್ಲದ ಹೌದಕ್ಕೆ ಬಗ್ಗಿ ನೋಡಿ. ತಲೆಕೆಳಗಾಗಿ ಜೋತುಬಿದ್ದ ಹುಳು ಬೇರೆ ಸೊಳ್ಳೆಯದು. ನೀರಿನ ಮೈಗೆ ಸಮನಾಗಿ ಕಡ್ಡಿಯಂತೆ ಮಲಗಿದ್ದು ಅನಾಫಿಲಿಸ್. ಮರಾಠಿಯವರ ‘ಹಿವತಾಪ’, ನಮ್ಮ ಚಳಿಜ್ವರ, ಹರಡುವುದು ಇದರಿಂದಲೇ.

ಆದರೆ ಆ ಹೌದದ ಒಂದು ಮರಿಯೊಳಗೂ ಮಲೇರಿಯಾ ಇಲ್ಲ. ತಾಯಿಸೊಳ್ಳೆ ತತ್ತಿಯ ಮೂಲಕ ರೋಗ ದಾಟಿಸುವುದಿಲ್ಲ. ಸೊಳ್ಳೆ ಹುಟ್ಟುವಾಗ ಚೊಕ್ಕಟ. ಅದಕ್ಕೆ ರೋಗ ಹತ್ತಿಸುವವರು ನಾವು. ‘ಸೊಳ್ಳೆ ಕಚ್ಚಿ ಜ್ವರ ಬಂತು’ ಎನ್ನುವಾಗ ನಾವು ಅರ್ಧ ಕಥೆಯನ್ನಷ್ಟೇ ಹೇಳುತ್ತೇವೆ.

ಇನ್ನರ್ಧಕ್ಕೆ ಸಾಕ್ಷಿ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೊಂದು ಆಣೆಯಂತೆ ಪಡೆದು ತನ್ನ ರಕ್ತ ಕುಡಿಸಿದ. ಆಗಸ್ಟ್ 20ರಂದು ಅಂಥ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ವೈದ್ಯ ರೊನಾಲ್ಡ್ ರಾಸ್‌ಗೆ ಮಲೇರಿಯಾ ಪರಾವಲಂಬಿಯ ಗುಳ್ಳೆಗಳು ಕಂಡವು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಹುಸೇನ್ ಖಾನನ ಪಾಲಿಗೆ ಬಂದದ್ದು ಆಣೆಗಳು.

ರೋಗಿಯ ಕೆಂಪುಕಣ ಒಡೆದು ಹೆಚ್ಚುವ ಪರಾವಲಂಬಿಗಳು ನಡುಕ, ಬೆವರು ತರುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಗಂಡು, ಹೆಣ್ಣಾಗಿ ರೂಪ ತಾಳಿ ಸುಮ್ಮನೆ ಕಾಯುತ್ತವೆ. ಇವೇ ಗ್ಯಾಮೆಟೊಸೈಟ್‌ಗಳು. ಇವುಗಳಿಂದ ರೋಗಿಗೆ ಜ್ವರವಿಲ್ಲ. ಪರಾವಲಂಬಿಯ ವೈವಾಕ್ಸ್ ಜಾತಿಯಲ್ಲಿ ಇವು ಬೇಗನೆ ಕಾಣಿಸಿಕೊಳ್ಳುತ್ತವೆ. ಫಾಲ್ಸಿಪಾರಂನಲ್ಲಿ ಬಲಿಯಲು ಹತ್ತು ಹನ್ನೆರಡು ದಿನ ಬೇಕು. ಸೂಕ್ಷ್ಮದರ್ಶಕದಡಿ ಎಳೆಚಂದ್ರನಂತೆ ಬಾಗಿ ಕಾಣುತ್ತವೆ. ಸೊಳ್ಳೆ ಹೀರಿಕೊಂಡಾಗ ಅವಕ್ಕೆ ನಮ್ಮ ಮೈಬಿಸಿ ತಪ್ಪುತ್ತದೆ. ಆ ತಂಪೇ ಒಂದು ಸನ್ನೆ. ಕೆಲವೇ ನಿಮಿಷಗಳಲ್ಲಿ ಗಂಡುಕಣ ಎಂಟಾಗಿ ಸಿಡಿದು, ಬಾಲ ಬೀಸುತ್ತ ಹೆಣ್ಣನ್ನು ಹುಡುಕುತ್ತದೆ. ಮುಂದೆ ಹೆಚ್ಚುಕಡಿಮೆ ಎರಡು ವಾರದಲ್ಲಿ ಸೊಳ್ಳೆಯ ಜೊಲ್ಲಿನಲ್ಲಿ ರೋಗ ಸಿದ್ಧ.

ಚಳಿಜ್ವರ ದಿನ ಬಿಟ್ಟು ದಿನ ಬಂದು ತಾನಾಗಿ ಇಳಿಯುವುದುಂಟು. ಅದು ಇಳಿಯುವ ಹೊತ್ತಿಗೆ ತೋಳಲ್ಲಿ ತಾಯಿತವಿದ್ದರೆ ಕೀರ್ತಿ ತಾಯಿತದ್ದು, ಹಣೆಯಲ್ಲಿ ಅಂಗಾರವಿದ್ದರೆ ಅಂಗಾರದ್ದು. ಕಟ್ಟಿದವರು ಮೋಸಗಾರರೇ ಆಗಬೇಕಿಲ್ಲ; ಇಳಿದದ್ದನ್ನು ಕಣ್ಣಾರೆ ಕಂಡಿದ್ದಾರೆ. ಕಾಣದಿರುವುದು ಇಷ್ಟೇ: ರೋಗಿ ಎದ್ದು ಕಟ್ಟೆಯ ಮೇಲೆ ಚಹಾ ಕುಡಿಯುವಾಗಲೂ ಅವನ ರಕ್ತ ಸೊಳ್ಳೆಗೆ ರೋಗ ಹತ್ತಿಸಬಲ್ಲದು.

ಔಷಧವೂ ಇಲ್ಲಿ ಪೂರ್ತಿ ಗೆಲ್ಲುವುದಿಲ್ಲ. ಫಾಲ್ಸಿಪಾರಂ ರೋಗಿಗೆ ಕೊಡುವ ಮೂರು ದಿನದ ಚಿಕಿತ್ಸೆ ಜ್ವರ ತರುವ ಪರಾವಲಂಬಿಗಳನ್ನು ಕೊಲ್ಲುತ್ತದೆ. ಬಲಿತ ಗ್ಯಾಮೆಟೊಸೈಟ್‌ಗಳು ಉಳಿದುಬಿಡುತ್ತವೆ. ಅದಕ್ಕೆಂದೇ ನಮ್ಮ ದೇಶದಲ್ಲಿ ಎರಡನೆಯ ದಿನ ಪ್ರೈಮಾಕ್ವಿನ್ ಒಂದೇ ಸಲ ಕೊಡುವ ಕ್ರಮವಿದೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಇದಿಲ್ಲ. ಈ ಮಾತ್ರೆಯಿಂದ ನುಂಗಿದವನ ಜ್ವರವೇನೂ ಬೇಗ ಇಳಿಯದು. ಲಾಭ ಪಕ್ಕದ ಮನೆಯ ಕೂಸಿಗೆ. ಪುಣ್ಯದ ಲೆಕ್ಕವಿಲ್ಲದೆ, ಹೆಸರು ಗೊತ್ತಿಲ್ಲದವರಿಗೆ ಮಾಡುವ ಉಪಕಾರ ಒಂದು ಗುಟುಕು ನೀರಿನಲ್ಲಿ ಮುಗಿಯುತ್ತದೆ.

ರೋಗಿ ಕೊಂಡಿ, ಅಪರಾಧಿಯಲ್ಲ. ಜ್ವರವಿಲ್ಲದೆ ಓಡಾಡುವವರ ರಕ್ತದಲ್ಲೂ ಪರಾವಲಂಬಿ ಇರಬಹುದು. ಕಬ್ಬು ಕಡಿಯಲು ಬಂದವರ ಗುಡಿಸಲಿನತ್ತ ಬೆರಳು ಮಾಡುವವರು ಮೊದಲು ಆ ಬೆರಳನ್ನು ರಕ್ತಪರೀಕ್ಷೆಗೆ ಚಾಚಲಿ. ವಾರಕ್ಕೊಮ್ಮೆ ‘ಕೋರಡಾ ದಿವಸ’ ಮಾಡಿ, ಪಾತ್ರೆ ಒಣಗಿಸಿ ಎಂದು ಹೇಳುವುದೂ ಸುಲಭ. ನಾಳೆಯ ನೀರಿನ ಖಾತ್ರಿಯಿಲ್ಲದವಳು ತುಂಬಿದ ಬ್ಯಾರೆಲ್ ಹೇಗೆ ಚೆಲ್ಲಿಯಾಳು? ಮೊದಲು ನೀರು ಕೊಡಿ, ಮುಚ್ಚಳ ಕೊಡಿ; ಉಪದೇಶ ಆಮೇಲೆ.

ಸೊಲ್ಲಾಪುರ ಸೊನ್ನಲಿಗೆಯಾಗಿದ್ದ 12ನೆಯ ಶತಮಾನದಲ್ಲಿ ಶರಣ ಸಿದ್ಧರಾಮ ಇಲ್ಲಿ ಕೆರೆ ಕಟ್ಟಿದ. ತನ್ನೊಬ್ಬನ ದಾಹಕ್ಕೆ ಒಂದು ತಂಬಿಗೆ ಸಾಕಿತ್ತು; ಕೆರೆ ಬೇಕಾದದ್ದು ಊರಿಗೆ. ನಮ್ಮ ಜ್ವರಕ್ಕೆ ಮೂರು ದಿನದ ಮಾತ್ರೆ ಸಾಕು. ಆ ಇನ್ನೊಂದು ಬೇಕಾಗುವುದು ಓಣಿಗೆ.