ಅಸಲಿ ಬೋಲ್ಟು, ಅಸಲಿ ಬೌದ್ಧ



*ಇಂದಿನ ಧಮ್ಮ ಚಿಂತನೆ*

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟರ್‌ಸೈಕಲ್ ತಯಾರಿಕೆ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. ಅದರ ಜಾವಾ, ಯೆಜ್ಡಿ ಗಾಡಿಗಳನ್ನು ಬಿಚ್ಚಿ, ತೊಳೆದು, ಮೊದಲಿನಂತೆ ಕಟ್ಟುವ ಹುಚ್ಚಿನವರು ಇಂದಿಗೂ ಇದ್ದಾರೆ. ಟ್ಯಾಂಕು, ಸೈಲೆನ್ಸರುಗಳ ಬಗ್ಗೆ ಅವರಿಗೆ ಅಷ್ಟು ತಲೆನೋವಿಲ್ಲ. ತಲೆನೋವು ಸಣ್ಣ ಸಾಮಾನಿನದು: ನಟ್ಟು, ಬೋಲ್ಟು, ವಾಷರು, ಕ್ಲಿಪ್ಪು. ಗುಜರಿಯಲ್ಲಿ ಸಿಕ್ಕ ಒಂದು ಹಿಡಿ ಬೋಲ್ಟಿನಲ್ಲಿ ಕಾರ್ಖಾನೆಯದು ಯಾವುದು, ಆಮೇಲೆ ಯಾರೋ ಮೇಸ್ತ್ರಿ ತುರುಕಿದ್ದು ಯಾವುದು? ಬ್ರಿಟನ್ನಿನ ಎಂ.ಜಿ.ಯಂಥ ಹಳೆಯ ಸ್ಪೋರ್ಟ್ಸ್ ಕಾರು ಕಟ್ಟುವವರಂತೂ ಬೋಲ್ಟಿನ ತಲೆಯ ಮೇಲಿನ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತಾರೆ. ತಲೆಯ ಗುರುತು, ಮೇಲಿನ ಲೇಪ, ಸ್ಕ್ರೂವಿನ ಗೀರು, ಕೊನೆಗೆ ಥ್ರೆಡ್ಡು. ಪರೀಕ್ಷೆಗಳು ಇವೇ.

ಇವುಗಳಲ್ಲಿ ಥ್ರೆಡ್ಡೇ ದೊಡ್ಡ ಸಾಕ್ಷಿ. ಜಾವಾ ಮೂಲತಃ ಚೆಕೊಸ್ಲೊವಾಕಿಯದ ವಿನ್ಯಾಸ, ಅದರ ಅಳತೆ ಮಿಲಿಮೀಟರಿನದು. ಹಳೆಯ ಬುಲೆಟ್ ಇಂಗ್ಲೆಂಡಿನ ವಿನ್ಯಾಸ, ಅಳತೆ ಇಂಚಿನದು. 8 ಮಿ.ಮೀ. ಬೋಲ್ಟನ್ನೂ 5/16 ಇಂಚಿನ ಬೋಲ್ಟನ್ನೂ ಅಂಗೈಯಲ್ಲಿಟ್ಟು ನೋಡಿ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. 5/16 ಎಂದರೆ 7.94 ಮಿ.ಮೀ. ಆದರೆ ಸಾಮಾನ್ಯ 8 ಮಿ.ಮೀ. ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಅಂತರ; ಬ್ರಿಟಿಷ್ ಫೈನ್ ಥ್ರೆಡ್ಡಿನಲ್ಲಿ ಒಂದು ಇಂಚಿಗೆ 22 ಸುತ್ತು. ಥ್ರೆಡ್ಡಿನ ಕೋನವೂ ಬೇರೆ, ಒಂದು 60 ಡಿಗ್ರಿ, ಇನ್ನೊಂದು 55. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಪಾನಾ ಹಾಕಿ ಬಲವಂತ ಮಾಡಿದರೆ ಎಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಬರುತ್ತದೆ. ಹಾಗಾಗಿ ಬಲ್ಲ ಮೇಸ್ತ್ರಿ ಅಂಗಡಿಯವನ ಮಾತು ಕೇಳಿ ಬೋಲ್ಟು ಹಾಕುವುದಿಲ್ಲ. ತನಗೆ ಖಾತ್ರಿಯಿರುವ ಒಂದು ನಟ್ಟನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾನೆ, ಅದಕ್ಕೆ ತಿರುಗಿಸಿ ನೋಡುತ್ತಾನೆ.

ಭಗವಾನ್ ಬುದ್ಧರು ತಮ್ಮ ಕೊನೆಯ ಪಯಣದಲ್ಲಿ ಭೋಗನಗರದಲ್ಲಿ ಭಿಕ್ಖುಗಳಿಗೆ ಹೇಳಿಕೊಟ್ಟದ್ದು ಇದೇ ಕ್ರಮವನ್ನು. ಮಹಾಪರಿನಿಬ್ಬಾನ ಸುತ್ತದಲ್ಲಿ ಅದಕ್ಕೆ ನಾಲ್ಕು ಮಹಾಪದೇಸಗಳೆಂದು ಹೆಸರು. ಇದು ಬುದ್ಧವಚನವೆಂದು ಯಾರೇ ಹೇಳಲಿ, ದೊಡ್ಡ ಸಂಘವೇ ಹೇಳಲಿ, ಹಿರಿಯ ಭಿಕ್ಖುವೇ ಹೇಳಲಿ, ಹೊಗಳಲೂ ಬೇಡಿ ತೆಗಳಲೂ ಬೇಡಿ; ಸುತ್ತಕ್ಕೂ ವಿನಯಕ್ಕೂ ಹೋಲಿಸಿ ನೋಡಿ, ಹೊಂದದಿದ್ದರೆ ಬಿಡಿ. ಹೇಳಿದವನ ತೂಕವಲ್ಲ, ಹೊಂದಿಕೆ ಮುಖ್ಯ.

ಬಾಬಾಸಾಹೇಬರು ಇನ್ನೂ ಮುಂದೆ ಹೋದರು. 1957ರಲ್ಲಿ, ಅವರ ಪರಿನಿರ್ವಾಣದ ನಂತರ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ, ಹೋಲಿಸಬೇಕಾದ ಗ್ರಂಥದಲ್ಲೇ ಬೆರಕೆ ಸೇರಿರಬಹುದು ಎಂಬ ಪ್ರಶ್ನೆ ಎತ್ತಿದರು. ಭಾಣಕರು ಎಲ್ಲವನ್ನೂ ಬಾಯಿಪಾಠ ಮಾಡಿ ಉಳಿಸಿದ್ದು. ಅಷ್ಟು ದೊಡ್ಡ ರಾಶಿಯಲ್ಲಿ ತಪ್ಪು ನುಸುಳದೆ ಇರುತ್ತದೆಯೇ? ಬುದ್ಧರು ಬದುಕಿರುವಾಗಲೇ ಅವರ ಮಾತನ್ನು ತಿರುಚಿ ಹೇಳಿದ ಐದು ಪ್ರಸಂಗಗಳನ್ನು ಅವರು ತೋರಿಸಿದ್ದಾರೆ. ಆಮೇಲೆ ಪರೀಕ್ಷೆ ಕೊಡುತ್ತಾರೆ: ಅದು ವಿಚಾರಕ್ಕೆ, ತರ್ಕಕ್ಕೆ ನಿಲ್ಲುತ್ತದೆಯೇ? ಮನುಷ್ಯನ ಹಿತಕ್ಕೆ ಸಂಬಂಧಿಸಿದೆಯೇ? ಬುದ್ಧರು ಖಚಿತವಾಗಿ ಹೇಳಿದ ವಿಷಯವೋ, ಖಚಿತವಿಲ್ಲದೆ ಬಿಟ್ಟ ವಿಷಯವೋ? ಮೊಹರು ನೋಡಿ ನಂಬಬೇಡಿ, ಥ್ರೆಡ್ಡು ನೋಡಿ ಎಂದಂತೆ.

ಇಲ್ಲಿಯವರೆಗೆ ಸುಲಭ. ‘ಅಸಲಿ’ ಎಂಬ ಪ್ರಶ್ನೆಯನ್ನು ಮನುಷ್ಯರಿಗೆ ಕೇಳಿದಾಗ ಕಷ್ಟ ಶುರುವಾಗುತ್ತದೆ. ಗೋಕಾಕದಲ್ಲಾಗಲಿ ಹುಕ್ಕೇರಿಯಲ್ಲಾಗಲಿ, ನಾನು ಬೌದ್ಧ ಎಂದು ಹೇಳಿ ನೋಡಿ. ಮರುಪ್ರಶ್ನೆ ಸಿದ್ಧವಾಗಿರುತ್ತದೆ: “ಅದು ಸರಿ, ಮೂಲತಃ ಏನು?” ಕೆಲವರು ಇನ್ನಷ್ಟು ನಯವಾಗಿ ‘ನವಬೌದ್ಧರು’ ಎನ್ನುತ್ತಾರೆ, ಆಮೇಲೆ ಲೇಪ ಕೊಟ್ಟ ಬೋಲ್ಟು ಎಂಬ ಅರ್ಥದಲ್ಲಿ.

ಭಿಕ್ಖುಣಿ ವಜಿರಾ ಮಾರನಿಗೆ ಕೊಟ್ಟ ಉತ್ತರ ಸಂಯುತ್ತ ನಿಕಾಯದಲ್ಲಿದೆ. ಭಾಗಗಳು ಕೂಡಿದಾಗ ರಥ ಎನ್ನುತ್ತೇವೆ, ಖಂಧಗಳು ಕೂಡಿದಾಗ ಜೀವಿ ಎನ್ನುತ್ತೇವೆ, ಅಷ್ಟೇ. ನಾಗಸೇನರು ಮಿಲಿಂದ ರಾಜನಿಗೆ ಹೇಳಿದ್ದೂ ಇದನ್ನೇ. ರಥ ಗಾಲಿಯಲ್ಲೂ ಇಲ್ಲ, ಅಚ್ಚಿನಲ್ಲೂ ಇಲ್ಲ. ಹಾಗಾದರೆ ಜಾವಾದ ಜಾವಾತನ ಯಾವ ಬೋಲ್ಟಿನಲ್ಲಿದೆ? ಯಾವುದರಲ್ಲೂ ಇಲ್ಲ. ಮನುಷ್ಯನ ‘ಮೂಲ’ವನ್ನು ಬಿಚ್ಚಿ ಬಿಚ್ಚಿ ಹುಡುಕಿದರೂ ಜಾತಿ ಎಂಬ ಭಾಗ ಕೈಗೆ ಸಿಗುವುದಿಲ್ಲ.

ಹಾಗೆಂದು ಗುರುತುಗಳೆಲ್ಲ ಸುಳ್ಳು ಎಂದರೆ ನಾನು ಒಪ್ಪುವುದಿಲ್ಲ. ಬೋಲ್ಟಿನ ತಲೆಯ ಮೇಲೆ ಎರಡು ಬಗೆಯ ಗುರುತಿರುತ್ತವೆ. ಒಂದು ಯಾರು ಮಾಡಿದ್ದು ಎಂಬುದು. ಇನ್ನೊಂದು 8.8 ಎಂಬಂಥ ಅಂಕಿ, ಅದು ಎಷ್ಟು ಎಳೆತ ತಡೆಯುತ್ತದೆ ಎಂಬುದು. 8.8 ಎಂದರೆ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ ಎಳೆದರೆ ಮಾತ್ರ ತುಂಡಾಗಬೇಕು. ಎರಡನೆಯದನ್ನು ಪರೀಕ್ಷಿಸಬಹುದು, ಸುಳ್ಳೆಂದು ಸಾಬೀತೂ ಮಾಡಬಹುದು. ಜಾತಿ ಮಾಡಿದ ಮೋಸವೆಂದರೆ ಮೊದಲನೆಯ ಗುರುತನ್ನೇ ಎರಡನೆಯದೆಂದು ಓದಿಸಿದ್ದು. ಪಂಚಶೀಲ ಎರಡನೆಯ ಬಗೆಯದು. ಪಾಲಿಸುತ್ತಾನೋ ಇಲ್ಲವೋ ಎಂದು ನೆರೆಯವರಿಗೆ ಗೊತ್ತಾಗುತ್ತದೆ.

ಹಾಗಾದರೆ ಸರ್ಟಿಫಿಕೇಟಿನಲ್ಲಿ ಮೂಲ ಜಾತಿ ಬರೆಸುತ್ತೇವಲ್ಲ ಎಂದು ಕೆಲವರು ಕೆಣಕುತ್ತಾರೆ. ಬೌದ್ಧರಾದ ಪರಿಶಿಷ್ಟರಿಗೂ ಮೀಸಲಾತಿ ಸಿಕ್ಕಿದ್ದು 1990ರ ತಿದ್ದುಪಡಿಯಿಂದ. ಆ ಕಾಲಮ್ಮು ನಮ್ಮ ಗುಣದ ಗುರುತಲ್ಲ, ನಮಗಾದ ಅನ್ಯಾಯದ ದಾಖಲೆ. ಅಪಘಾತವಾದ ಗಾಡಿಯ ಪಂಚನಾಮೆಯಲ್ಲಿ ಎಲ್ಲಿ ಪೆಟ್ಟು ಬಿದ್ದಿದೆ ಎಂದು ಬರೆಯಲೇಬೇಕು.

ನಕಲು ಮಾಡುವುದೂ ಸ್ವತಃ ತಪ್ಪಲ್ಲ. ಗೋಕಾಕದ ಮರದ ಬಾಳೆಹಣ್ಣು ಯಾರಿಗೂ ಮೋಸ ಮಾಡಿಲ್ಲ, ಹಣ್ಣೆಂದು ಹೇಳಿ ಅದನ್ನು ಯಾರೂ ಮಾರುವುದಿಲ್ಲ. ಹೊಸ ಬೋಲ್ಟನ್ನು ಹಳೆಯದೆಂದು ಮಾರಿದಾಗ ಮಾತ್ರ ನಾಲ್ಕನೆಯ ಶೀಲ ಮುರಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಹೊರಗಿನವರ ಪ್ರಶ್ನೆಯಲ್ಲ. ಮನೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋ ಇಟ್ಟು, 22 ಪ್ರತಿಜ್ಞೆ ಓದಿದವರೇ ಮಗಳಿಗೆ ಸಂಬಂಧ ನೋಡುವಾಗ “ಅವರು ಮೊದಲು ಯಾರ ಪೈಕಿ?” ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಹುಡುಗ ಕುಡಿಯುತ್ತಾನೋ, ದುಡಿಯುತ್ತಾನೋ ಎಂಬುದು ಆಮೇಲೆ. ಅಲ್ಲಿ ಭೂತಗನ್ನಡಿ ಹಿಡಿದು ಬೋಲ್ಟಿನ ತಲೆ ನೋಡುತ್ತಿರುವವರು ನಾವೇ.

ಭಾನುವಾರ ವಂದನೆಯ ನಂತರ ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ‘ಬುದ್ಧ ಮತ್ತು ಅವನ ಧಮ್ಮ’ದ ನಾಲ್ಕನೆಯ ಖಂಡವನ್ನು ಓದಿಕೊಂಡು ಬನ್ನಿ. ಮೂಡಲಗಿ ಕಡೆಯ ತಾಯಂದಿರು, ಅಕ್ಕಂದಿರೂ ಮಾತಾಡಬೇಕು. ಸಂಬಂಧದ ಮಾತು ಮೊದಲು ಬರುವುದು ಅವರ ಕಿವಿಗೇ.

ಜೈಭೀಮ್. ನಮೋ ಬುದ್ಧಾಯ.