ಮೊದಲ ಪಗಾರಕ್ಕೆ ಮುಂಚಿನ ಋಣ

ಪರಸ್ಥಳಕ್ಕೆ ನೌಕರಿಗೆಂದು ಹೋದವನ ಜೀವನದಲ್ಲಿ, ಅಲ್ಲಿ ಬಂದಿಳಿದ ದಿವಸಕ್ಕೂ ಕೆಲಸಕ್ಕೆ ಹಾಜರಾಗುವ ದಿವಸಕ್ಕೂ ನಡುವೆ ಕೆಲವು ದಿನಗಳಿರುವವು. ಆ ದಿನಗಳಲ್ಲಿ ಅವನು ಆ ಊರಿಗೆ ಅತಿಥಿಯೂ ಅಲ್ಲ, ಒಕ್ಕಲೂ ಅಲ್ಲ. ಬನಹಟ್ಟಿಯ ನೇಕಾರರ ಮನೆಯ ತರುಣನೊಬ್ಬನು ದುಬೈಗೆ ಹೋದನೆನ್ನಿರಿ. ನೇಮಕದ ಪತ್ರವು ಕಿಸೆಯಲ್ಲಿದೆ. ಕೆಲಸವು ಇನ್ನೂ ಹತ್ತು ದಿವಸ ದೂರ. ಯಾವ ಬಸ್ಸು ಎಲ್ಲಿಗೆ ಹೋಗುವದೆಂಬುದನ್ನು ಅವನರಿಯನು. ದಿರ್ಹಮನ್ನು ರೂಪಾಯಿಯ ಲೆಕ್ಕಕ್ಕೆ ತಂದು ಪ್ರತಿಯೊಂದು ಬೆಲೆಗೂ ಬೆಚ್ಚುವನು. ತಾಯಿ ಕಟ್ಟಿಕೊಟ್ಟ ಖಡಕ ರೊಟ್ಟಿ, ಶೇಂಗಾಹಿಂಡಿಗಳು ದಿನದಿನಕ್ಕೆ ಕರಗುತ್ತಿರುವವು. ಮನೆಯಿಂದ ಫೋನು ಬಂದರೆ ‘ಎಲ್ಲಾ ಚಲೋ ಅದ ಯವ್ವಾ’ ಎನ್ನುವನು. ಆಗ ನೆರೆಯ ಕೋಣೆಯ ಕೇರಳದವನೊಬ್ಬನು, ಕೇಳದೆಯೇ, ಅವನನ್ನು ಕರೆದೊಯ್ದು ಅಗ್ಗದ ಅಂಗಡಿಯನ್ನು ತೋರಿಸುವನು; ತನ್ನ ಅನ್ನದಲ್ಲಿ ಪಾಲು ಕೊಡುವನು. ಭಾಷೆ ಬೇರೆ, ಸಂಬಂಧವೇನೂ ಇಲ್ಲ. ಈ ಉಪಕಾರದ ಋಣವು ಹೇಗೆ ತೀರತಕ್ಕದ್ದು?

ಬಾಡಿಗೆಯನ್ನು ಕೊಟ್ಟ ಮೇಲೆ ಋಣವೆಲ್ಲಿಯದು ಎನ್ನುವವರುಂಟು. ಬಾಡಿಗೆಯು ಕೋಣೆಯ ಬೆಲೆ. ದಾರಿ ತೋರಿದವನ ಅರ್ಧ ದಿವಸಕ್ಕೆ ಬೆಲೆ ಕಟ್ಟಿದವರಾರು? ಉಪಕಾರ ಮಾಡಿದವನಿಗೇ ಪ್ರತ್ಯುಪಕಾರ ಮಾಡಬೇಕೆಂಬುದು ಇನ್ನೊಂದು ಮತ. ಇದು ಯೋಗ್ಯವೇ ಸರಿ, ಆದರೆ ಸಾಲದು. ಮುಧೋಳದ ಬಳೆಗಾರರ ಮನೆತನದ ರನ್ನನು ಹತ್ತನೆಯ ಶತಮಾನದಲ್ಲಿ ವಿದ್ಯೆಗಾಗಿ ಊರು ಬಿಟ್ಟು ಶ್ರವಣಬೆಳಗೊಳಕ್ಕೆ ಹೋದನು. ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನು ಆಶ್ರಯವಿತ್ತನು. ಮುಂದೆ ಅತ್ತಿಮಬ್ಬೆಯು ಪೋಷಿಸಿದಳು. ಕವಿಯು ಕೃತಘ್ನನಾಗಲಿಲ್ಲ, ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಆದರೆ ಅಷ್ಟು ದೂರದ ದಾರಿಯಲ್ಲಿ ಆ ಬಡ ಹುಡುಗನಿಗೆ ನೀರು ಕೊಟ್ಟವರೂ ಜಗಲಿಯ ಮೇಲೆ ಮಲಗಗೊಟ್ಟವರೂ ಇದ್ದೇ ಇರಬೇಕು. ಅವರ ಹೆಸರನ್ನು ಯಾವ ಕೂಸಿಗೆ ಇಡುವದು? ಇಂಥ ಋಣವು ಕೊಟ್ಟವನ ಕಡೆಗೆ ಹಿಂದಿರುಗಲಾರದು. ಮುಂದೆ ಬರುವ ಅಪರಿಚಿತನಿಗೇ ಸಲ್ಲಬೇಕು.

ಅದು ಸಲ್ಲುತ್ತಿದೆಯೆ? ಪರಸ್ಥಳವೆಂಬುದು ಹರದಾರಿಗಳ ಲೆಕ್ಕವಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಬನಹಟ್ಟಿಯು ಜಮಖಂಡಿಗೆ ಸೇರಿತ್ತು, ಮಗ್ಗುಲಲ್ಲಿಯ ರಬಕವಿಯು ಸಾಂಗಲಿಗೆ. ಮುಧೋಳಕ್ಕೆ ಘೋರ್ಪಡೆಯವರ ಆಳಿಕೆ. ಬೀಳಗಿಯಾದರೋ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಮಗ್ಗದ ಸಪ್ಪಳ ಒಂದೇ, ಅರಸರು ಬೇರೆ. ಅರಸರು ಹೋದರು, ಪರದೇಶಿಗಳು ಇಂದಿಗೂ ಈ ಸೀಮೆಗೆ ಬರುವರು. ಮಳೆಗಾಲ ತೀರಿ ಸಕ್ಕರೆ ಕಾರಖಾನೆಗಳ ಹಂಗಾಮು ಸಮೀಪಿಸಿತೆಂದರೆ, ಕಬ್ಬು ಕಡಿಯುವ ತಂಡಗಳು ಮರಾಠವಾಡದಿಂದಲೂ ಕರ್ನಾಟಕದ ಒಣ ಸೀಮೆಗಳಿಂದಲೂ ಕೃಷ್ಣೆ, ಘಟಪ್ರಭೆಯರ ದಂಡೆಯ ಊರುಗಳಿಗೆ ಬಂದಿಳಿಯುವವು. ಹೊಲದ ಬದಿಗೆ ಜೋಪಡಿ ಏಳುವದು. ಮೂರು ಕಲ್ಲಿನ ಒಲೆ. ಶಾಲೆ ಬಿಟ್ಟು ಬಂದ ಮಕ್ಕಳು. ಮುಂಗಡದ ಹಣವು ಊರಿನಲ್ಲಿಯೇ ವೆಚ್ಚವಾಗಿರುವದು, ಕಟಾವು ಇನ್ನೂ ಆರಂಭವಾಗಿಲ್ಲ. ಆ ಹೆಣ್ಣುಮಗಳು ಕೊಡ ಹಿಡಿದು ನೀರು ಕೇಳಲು ಬಂದರೆ, ‘ನಿಮ್ಮ ಮುಕಾದಮನ್ನ ಕೇಳ್ರಿ, ರೊಕ್ಕಾ ಕೊಟ್ಟೀವಿ’ ಎಂಬ ಉತ್ತರವು ಎಷ್ಟೋ ಸಲ ದೊರೆಯುವದು. ಬಾಡಿಗೆ ಕೊಟ್ಟ ಮೇಲೆ ಋಣವೆಲ್ಲಿಯದು ಎಂದವರ ತರ್ಕವೇ ಇದು!

ಒಕ್ಕಲಿಗನಿಗೂ ಹೇಳಿಕೊಳ್ಳಲು ಮಾತುಂಟು. ಎತ್ತುಗಳು ಬೆಳೆಗೆ ಬಾಯಿ ಹಾಕುವವು, ನಳದ ಸುತ್ತಲು ರಾಡಿಯಾಗುವದು, ಒಬ್ಬರಿಗೆ ಕೊಟ್ಟರೆ ಹತ್ತು ಜನ ಬರುವರು. ಇದು ಸುಳ್ಳಲ್ಲ. ದುಬೈಯ ಆ ಕೇರಳದವನಿಗೂ ಅಕ್ಕಿ ಪುಕ್ಕಟೆ ಬರುತ್ತಿರಲಿಲ್ಲ, ಅವನ ಕೋಣೆಯೂ ಇಕ್ಕಟ್ಟಾಗಿತ್ತು. ಮಗನು ಫೋನಿನಲ್ಲಿ ಅವನ ಸಂಗತಿಯನ್ನು ಹೇಳಿದಾಗ ತಂದೆಯು ಕಣ್ಣೊರೆಸಿಕೊಂಡು, ‘ದೇವರಂಥಾ ಮನಷ್ಯಾ’ ಎಂದು ಓಣಿಗೆಲ್ಲ ಸಾರಿದನು. ಅದೇ ಸಂಜೆ ಹೊಲದ ಬೋರಿನ ಹತ್ತಿರ ಖಾಲಿ ಕೊಡ ಹಿಡಿದು ನಿಂತವಳಿಗೆ ಕನ್ನಡ ಬಾರದು. ಅವನಿಗೆ ಮರಾಠಿಯು ಚೆನ್ನಾಗಿ ಬರುವದು.